ಹಿಂಡಿ ಕಮಟಾಗದಂತೆ ಕಾಯುವ ಆಂಟಿಆಕ್ಸಿಡೆಂಟ್ ಫಿಲ್ಮ್: ದುಪ್ಪಟ್ಟು ದರ ಕೊಟ್ಟು ಕೊಳ್ಳಬಹುದೇ?

ಹಿಂಡಿಮನೆ, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ನಾವು ಒಂಬತ್ತು ಹೆಣ್ಣುಮಕ್ಕಳು ಸ್ವಸಹಾಯ ಸಂಘ ಕಟ್ಟಿಕೊಂಡು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿಗಳನ್ನು (ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿಗಳನ್ನು) ಮಾಡಿ 200 ಗ್ರಾಂ ಪೊಟ್ಟಣಗಳಲ್ಲಿ ಹೊಸಪೇಟೆ ಮತ್ತು ಬೆಂಗಳೂರಿನ ಅಂಗಡಿಗಳಿಗೆ ಕಳುಹಿಸುತ್ತೇವೆ. ಚಳಿಗಾಲದಲ್ಲಿ ಯಾವ ತಕರಾರೂ ಇರುವುದಿಲ್ಲ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಮಾಲು ವಾಪಸು ಬರಲು ಶುರುವಾಗುತ್ತದೆ. ಮೊದಲು ಅಗಸಿ ಹಿಂಡಿ, ಅದರ ಹಿಂದೆ ಗುರೆಳ್ಳು, ಕೊನೆಗೆ ಶೇಂಗಾ, ಪ್ರತಿ ವರ್ಷವೂ ಇದೇ ಸರದಿ. ಬೂಸ್ಟು ಹಿಡಿದಿರುವುದಿಲ್ಲ, ತೇವವೂ ಆಗಿರುವುದಿಲ್ಲ. ಪೊಟ್ಟಣ ಬಿಚ್ಚಿದೊಡನೆ ಹಳೆಯ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದಂತಹ ಕಮಟು ವಾಸನೆ ಮೂಗಿಗೆ ಬಡಿಯುತ್ತದೆ, ಕೆಂಪು ಬಣ್ಣವೂ ಸ್ವಲ್ಪ ಮಾಸಿರುತ್ತದೆ.

ಕಳೆದ ವಾರ ಪ್ಯಾಕಿಂಗ್ ಸಾಮಾನು ಮಾರುವವರೊಬ್ಬರು ಬಂದು, ಫಿಲ್ಮಿನೊಳಗೇ ಆಂಟಿಆಕ್ಸಿಡೆಂಟ್ (ಎಣ್ಣೆ ಗಾಳಿಗೆ ಕೆಡದಂತೆ ತಡೆಯುವ ಪದಾರ್ಥ) ಬೆರೆಸಿರುವುದರಿಂದ ಆರು ತಿಂಗಳು ಕಮಟಾಗುವುದಿಲ್ಲ ಎಂದು ಹೇಳಿ ಒಂದು ಪೌಚ್ ತೋರಿಸಿದರು. ದರ ಈಗಿನದರ ಎರಡು ಪಟ್ಟು. ಅಂಥದ್ದು ನಿಜವಾಗಿಯೂ ಇದೆಯೇ, ಇದ್ದರೆ ನಮ್ಮಂಥವರಿಗೆ ಉಪಯೋಗಕ್ಕೆ ಬರುತ್ತದೆಯೇ ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಗಾಣದಕಟ್ಟೆ, ಬಳ್ಳಾರಿ

ಅಕ್ಕನವರೇ, ಈಗ ಬಳಸುತ್ತಿರುವ ಪೌಚ್ ಯಾವುದು, ಪಾರದರ್ಶಕವೇ, ಅಂಗಡಿಯವರು ಅದನ್ನು ಎಲ್ಲಿ ತೂಗುಹಾಕುತ್ತಾರೆ ಎಂಬುದನ್ನು ಮೊದಲು ತಿಳಿಸಿರಿ. ನಾನು ಶೇಂಗಾ ಮತ್ತು ಕುಸುಬೆ ಎಣ್ಣೆ ತೆಗೆಯುವವನು. ಬಿಸಿಲು ಬೀಳುವ ಕಡೆ ಒಂದು ವಾರ ಇಟ್ಟ ಬಾಟಲಿಯನ್ನೂ ಕತ್ತಲೆ ಕೋಣೆಯಲ್ಲಿ ಇಟ್ಟ ಬಾಟಲಿಯನ್ನೂ ಒಟ್ಟಿಗೆ ಮೂಸಿ ನೋಡಿದರೆ ಯಾರಿಗಾದರೂ ವ್ಯತ್ಯಾಸ ತಿಳಿಯುತ್ತದೆ.

ಪದರ, ರಾಯಚೂರು

ಆಹಾರ ತಂತ್ರಜ್ಞಾನ ಓದಿ, ಹನ್ನೆರಡು ವರ್ಷ ಪ್ಯಾಕಿಂಗ್ ಕೆಲಸದಲ್ಲಿದ್ದವನು ನಾನು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅಕ್ಕನವರು ಹೇಳಿದ ಅಗಸಿ, ಗುರೆಳ್ಳು, ಶೇಂಗಾ ಎಂಬ ಸರದಿಯಲ್ಲಿಯೇ ಅರ್ಧ ಉತ್ತರವಿದೆ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಕಮಟುವಿಕೆ ಎಂದು ಓದಿದ್ದೇವಲ್ಲ, ಅದು ಎಣ್ಣೆಯ ಕೊಬ್ಬಿನಾಮ್ಲಗಳು ಗಾಳಿಯ ಆಮ್ಲಜನಕದೊಂದಿಗೆ ಸೇರುವ ಕ್ರಿಯೆ. ಕೊಬ್ಬಿನಾಮ್ಲದ ಸರಪಳಿಯಲ್ಲಿ ದ್ವಿಬಂಧಗಳು ಹೆಚ್ಚಿದಷ್ಟೂ ಆಮ್ಲಜನಕಕ್ಕೆ ಅದು ಸುಲಭದ ತುತ್ತು. ಒಂದೇ ದ್ವಿಬಂಧವಿರುವ ಓಲಿಯಿಕ್ ಆಮ್ಲದ ವೇಗವನ್ನು 1 ಎಂದು ಇಟ್ಟುಕೊಂಡರೆ, ಎರಡಿರುವ ಲಿನೋಲಿಯಿಕ್ ಆಮ್ಲದ್ದು ಸುಮಾರು 10 ಪಟ್ಟು, ಮೂರಿರುವ ಲಿನೋಲೆನಿಕ್ ಆಮ್ಲದ್ದು 20 ಪಟ್ಟಿಗೂ ಮೇಲೆ. ಶೇಂಗಾ ಎಣ್ಣೆಯಲ್ಲಿ ಓಲಿಯಿಕ್ ಹೆಚ್ಚು, ಗುರೆಳ್ಳಿನಲ್ಲಿ ಲಿನೋಲಿಯಿಕ್ ಹೆಚ್ಚು, ಅಗಸಿ ಎಣ್ಣೆಯಲ್ಲಿ ಅರ್ಧದಷ್ಟು ಲಿನೋಲೆನಿಕ್. ಇಡೀ ಅಗಸಿ ಬೀಜವನ್ನು ತಿಂಗಳುಗಟ್ಟಲೆ ಇಟ್ಟರೂ ಏನೂ ಆಗದಿರುವುದು ಅದರ ಸಿಪ್ಪೆಯ ಕಾವಲಿನಿಂದ. ಹುರಿದು ಕುಟ್ಟಿದ ಕ್ಷಣದಿಂದ ಆ ಕಾವಲು ಹೋಯಿತು, ಎಣ್ಣೆ ಪ್ರತಿ ಕಣದ ಮೈಮೇಲೆ ಹರಡಿಕೊಂಡು ಗಾಳಿಗೆ ಎದುರಾಯಿತು. ಬಣ್ಣ ಮಾಸುವುದೂ ಇದೇ ಕ್ರಿಯೆಯ ಇನ್ನೊಂದು ಮುಖ, ಏಕೆಂದರೆ ಮೆಣಸಿನಕಾಯಿಯ ಕೆಂಪು ವರ್ಣದ್ರವ್ಯವನ್ನೂ ಆಮ್ಲಜನಕ ಬಿಡುವುದಿಲ್ಲ.

ಈ ಕ್ರಿಯೆ ಸರಪಳಿಯಂತೆ ಸಾಗುತ್ತದೆ: ಒಂದು ಅಣು ಕೆಟ್ಟರೆ ಅದು ಪಕ್ಕದ ಅಣುವನ್ನು ಕೆಡಿಸುತ್ತದೆ. ಬೆಳಕು, ಶಾಖ, ಕಬ್ಬಿಣ ಮತ್ತು ತಾಮ್ರದ ಸೋಂಕು ಈ ಸರಪಳಿಯನ್ನು ಶುರುಮಾಡಲು ನೆರವಾಗುತ್ತವೆ. ತಾಪಮಾನ 10 ಡಿಗ್ರಿ ಏರಿದರೆ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬ ಅಂದಾಜು ಲೆಕ್ಕವನ್ನು ಹಿಡಿದರೆ, 22 ಡಿಗ್ರಿಯಲ್ಲಿ ಎರಡು ತಿಂಗಳು ತಡೆಯುವ ಹಿಂಡಿ ನಮ್ಮ ಕಡೆಯ ಮೇ ತಿಂಗಳ 42 ಡಿಗ್ರಿಯಲ್ಲಿ ಎರಡು ವಾರ ತಡೆದರೆ ಹೆಚ್ಚು.

ಇನ್ನು ಫಿಲ್ಮಿನ ವಿಷಯ. ಹೌದು, ಅಂಥ ಫಿಲ್ಮುಗಳು ಇವೆ. ಇವುಗಳನ್ನು ಸಕ್ರಿಯ ಪ್ಯಾಕೇಜಿಂಗ್ ಎನ್ನುತ್ತಾರೆ. ಸುಮ್ಮನೆ ಗೋಡೆಯಂತೆ ನಿಲ್ಲದೆ, ಒಳಗಿನ ಆಹಾರದ ಮೇಲೆ ತಾವೂ ಒಂದು ಕೆಲಸ ಮಾಡುವುದರಿಂದ ಆ ಹೆಸರು. ಅಮೆರಿಕದಲ್ಲಿ ಬೆಳಗಿನ ತಿಂಡಿಯ ಸೀರಿಯಲ್ ಪೊಟ್ಟಣಗಳ ಒಳಚೀಲಕ್ಕೆ ಬಿಎಚ್‌ಟಿ ಎಂಬ ಆಂಟಿಆಕ್ಸಿಡೆಂಟನ್ನು ಬೆರೆಸುವುದು ದಶಕಗಳ ಹಿಂದಿನಿಂದಲೂ ಇರುವ ಪದ್ಧತಿ. ಬಿಎಚ್‌ಟಿ ಮೆಲ್ಲಗೆ ಆವಿಯಾಗುತ್ತದೆ, ಹಾಗಾಗಿ ಫಿಲ್ಮಿನಿಂದ ಹೊರಟು ಆಹಾರವನ್ನು ತಲುಪುತ್ತದೆ. ಆದರೆ ಆವಿಗೆ ಒಳಗು ಹೊರಗು ಎಂಬ ಭೇದವಿಲ್ಲ. ಹೊರಪದರದಲ್ಲಿ ತಡೆ ಇಲ್ಲದಿದ್ದರೆ ಬಹುಪಾಲು ಹೊರಗಿನ ಗಾಳಿಗೇ ಹೋಗಿಬಿಡುತ್ತದೆ. ವಿಟಮಿನ್ ಇ, ಅಂದರೆ ಟೋಕೋಫೆರಾಲ್, ಬೆರೆಸಿದ ಫಿಲ್ಮುಗಳೂ ಇವೆ. ಅದು ಯಂತ್ರದ ಬಿಸಿಯನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ಆದರೆ ಆವಿಯಾಗುವುದಿಲ್ಲ. ಫಿಲ್ಮಿಗೆ ಅಂಟಿಕೊಂಡು ಕೂತ ಎಣ್ಣೆ, ಬೆಣ್ಣೆ, ಮಾಂಸದಂಥ ಪದಾರ್ಥಕ್ಕೆ ಮಾತ್ರ ಅದು ಇಳಿದೀತು.

ಹಿಂಡಿ ಒಣ ಪುಡಿ. 200 ಗ್ರಾಂ ಪೊಟ್ಟಣದಲ್ಲಿ ಫಿಲ್ಮನ್ನು ಮುಟ್ಟಿಕೊಂಡಿರುವುದು ಹೊರಗಿನ ಒಂದು ತೆಳು ಪದರ ಮಾತ್ರ, ನಡುವಿನ ಪುಡಿಗೆ ಫಿಲ್ಮಿನ ಸಂಪರ್ಕವೇ ಇಲ್ಲ. ಆದ್ದರಿಂದ ಬೆಳಕು ಮತ್ತು ಗಾಳಿಯನ್ನು ತಡೆಯದ ಆಂಟಿಆಕ್ಸಿಡೆಂಟ್ ಫಿಲ್ಮಿಗೆ ದುಪ್ಪಟ್ಟು ಹಣ ಕೊಡುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ಹಿಂಡಿಮನೆ, ಕೊಪ್ಪಳ

ಪದರ ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದಗಳು. ನಮ್ಮದು ಪಾರದರ್ಶಕ ಪಾಲಿಥಿನ್ ಚೀಲ, 75 ಮೈಕ್ರಾನ್ ಎಂದು ಹೇಳಿ ಕೊಟ್ಟಿದ್ದಾರೆ. ಬಾಯಿಯನ್ನು ಕೈಯಲ್ಲಿ ಒತ್ತುವ ಯಂತ್ರದಿಂದ ಸೀಲ್ ಮಾಡುತ್ತೇವೆ. ಅಂಗಡಿಯವರು ಬಾಗಿಲಿನಲ್ಲೇ ಸಾಲಾಗಿ ತೂಗುಹಾಕುತ್ತಾರೆ. ಕಳೆದ ಬೇಸಿಗೆಯಲ್ಲಿ ಪ್ರತಿ ಪೊಟ್ಟಣಕ್ಕೂ ಗಾಳಿ ಹೀರುವ ಸಣ್ಣ ಚೀಟಿಯನ್ನೂ (ಕಾಗದದ ಪುಟ್ಟ ಚೀಲ) ಹಾಕಿದ್ದೆವು, ಆದರೂ ಮಾಲು ಉಳಿಯಲಿಲ್ಲ.

ಪದರ, ರಾಯಚೂರು

ಆ ಚೀಟಿಯೊಳಗೆ ಗಾಜಿನ ಮಣಿಯಂಥ ಕಾಳುಗಳಿದ್ದವೇ, ಅಥವಾ ಕಪ್ಪು ಪುಡಿಯೇ?

ಹಿಂಡಿಮನೆ, ಕೊಪ್ಪಳ

ಮಣಿಯಂಥ ಕಾಳುಗಳು ಸರ್. ಹೊಸ ಚಪ್ಪಲಿಯ ಡಬ್ಬಿಯಲ್ಲಿ ಇರುತ್ತವಲ್ಲ, ಅಂಥವೇ.

ಪದರ, ರಾಯಚೂರು

ಹಾಗಾದರೆ ಅದು ಸಿಲಿಕಾ ಜೆಲ್. ಅದು ಹೀರುವುದು ತೇವವನ್ನು. ಆಮ್ಲಜನಕದ ಗೊಡವೆಗೇ ಅದು ಹೋಗುವುದಿಲ್ಲ. ಇನ್ನೂ ಒಂದು ಮಾತಿದೆ. ಆಹಾರ ತೀರ ಒಣಗಿದರೂ ಎಣ್ಣೆಯ ಉತ್ಕರ್ಷಣೆ, ಅಂದರೆ ಆಮ್ಲಜನಕದೊಂದಿಗೆ ಸೇರುವ ಕ್ರಿಯೆ, ಹೆಚ್ಚುತ್ತದೆ. ನೀರಿನ ಚಟುವಟಿಕೆ (ಆಹಾರದಲ್ಲಿ ಬಿಡಿಯಾಗಿರುವ ನೀರಿನ ಅಳತೆ, ಶುದ್ಧ ನೀರಿಗೆ ಅದು 1) 0.2ರಿಂದ 0.3ರ ಆಸುಪಾಸಿನಲ್ಲಿದ್ದಾಗ ಅದು ಅತಿ ನಿಧಾನ, ಅದರ ಕೆಳಗೂ ಮೇಲೂ ವೇಗ ಏರುತ್ತದೆ. ಚೆನ್ನಾಗಿ ಹುರಿದ ಹಿಂಡಿಗೆ ಸಿಲಿಕಾ ಜೆಲ್ ಹಾಕಿದಿರಿ ಎಂದರೆ ಒಮ್ಮೊಮ್ಮೆ ಕಮಟಿಗೇ ನೆರವು ನೀಡಿದಂತೆ ಆದೀತು.

ಆಮ್ಲಜನಕ ಹೀರುವ ಚೀಟಿಯೊಳಗೆ ಇರುವುದು ಸಾಮಾನ್ಯವಾಗಿ ಸಣ್ಣ ಕಬ್ಬಿಣದ ಪುಡಿ. ಜಪಾನಿನ ಮಿತ್ಸುಬಿಷಿ ಗ್ಯಾಸ್ ಕೆಮಿಕಲ್ ಕಂಪನಿ 1977ರಲ್ಲಿ ಏಜ್‌ಲೆಸ್ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಕಬ್ಬಿಣ ತುಕ್ಕು ಹಿಡಿಯುತ್ತಾ ಪೊಟ್ಟಣದೊಳಗಿನ ಆಮ್ಲಜನಕವನ್ನು ತಿಂದುಹಾಕುತ್ತದೆ. 1 ಗ್ರಾಂ ಕಬ್ಬಿಣ ಪೂರ್ತಿ ತುಕ್ಕಾದರೆ ಸುಮಾರು 300 ಮಿ.ಲೀ. ಆಮ್ಲಜನಕ ಮುಗಿಯುತ್ತದೆ. ತುಕ್ಕು ಹಿಡಿಯಲು ತೇವ ಬೇಕು, ಆದ್ದರಿಂದ ಒಣ ಪದಾರ್ಥಕ್ಕೆಂದೇ ತನ್ನೊಳಗೆ ನೀರಿನಂಶ ಇಟ್ಟುಕೊಂಡಿರುವ ಬಗೆಯ ಚೀಟಿಯನ್ನು ಕೇಳಿ ಪಡೆಯಬೇಕು.

ಈಗ ಒಂದು ಲೆಕ್ಕವನ್ನು ಸಾವಕಾಶವಾಗಿ ನೋಡೋಣ. 200 ಗ್ರಾಂ ಶೇಂಗಾ ಹಿಂಡಿಯಲ್ಲಿ 80 ಗ್ರಾಂನಷ್ಟು ಎಣ್ಣೆ ಇದೆ ಎಂದು ಹಿಡಿಯಿರಿ. ಎಣ್ಣೆ ಎಷ್ಟು ಆಮ್ಲಜನಕ ಹಿಡಿದುಕೊಂಡಿದೆ ಎಂಬುದನ್ನು ಪೆರಾಕ್ಸೈಡ್ ಅಂಕಿ ತಿಳಿಸುತ್ತದೆ. ಸಂಸ್ಕರಿಸಿದ ಅಡುಗೆ ಎಣ್ಣೆಗೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಇಟ್ಟಿರುವ ಅದರ ಮಿತಿ ಕಿಲೋಗೆ 10 ಮಿಲಿ ಈಕ್ವಿವಲೆಂಟ್ (ಆ ಅಂಕಿಯ ಅಳತೆಯ ಮಾನ). ಹಿಂಡಿಯೊಳಗಿನ ಎಣ್ಣೆ ಆ ಮಟ್ಟಕ್ಕೆ ಏರಲು ಸುಮಾರು 10 ಮಿ.ಲೀ. ಆಮ್ಲಜನಕ ಸಾಕು. ಪೊಟ್ಟಣದ ಮೇಲ್ಭಾಗದಲ್ಲಿಯೂ ಪುಡಿಯ ಸಂದುಗಳಲ್ಲಿಯೂ ಸಿಕ್ಕಿಕೊಂಡ ಗಾಳಿ 200 ಮಿ.ಲೀ. ಇದ್ದರೆ ಅದರಲ್ಲಿ ಆಮ್ಲಜನಕವೇ 42 ಮಿ.ಲೀ. ಅಂದರೆ ಹೊರಗಿನಿಂದ ಒಂದು ಹನಿ ಗಾಳಿ ಬರದಿದ್ದರೂ, ಸೀಲ್ ಮಾಡುವಾಗ ಒಳಗೇ ಉಳಿದ ಗಾಳಿ ಮಾಲನ್ನು ಕೆಡಿಸಲು ಸಾಕಾಗಿ ಮಿಗುತ್ತದೆ. ದುಬಾರಿ ಪೌಚಿಗೆ ಬದಲಾಯಿಸಿದ ಮೇಲೂ ಕಮಟಾಯಿತೆಂದು ದೂರುವವರಲ್ಲಿ ಹೆಚ್ಚಿನವರು ಈ ಗಾಳಿಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಇನ್ನು ಹೊರಗಿನ ಗಾಳಿ. 15 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಪೌಚಿನ ಎರಡೂ ಮುಖ ಸೇರಿ 0.06 ಚದರ ಮೀಟರ್. 75 ಮೈಕ್ರಾನ್ ಪಾಲಿಥಿನ್ನಿನ ಒಂದು ಚದರ ಮೀಟರಿನ ಮೂಲಕ ಶುದ್ಧ ಆಮ್ಲಜನಕವಾದರೆ ದಿನಕ್ಕೆ ಸುಮಾರು 2500 ಮಿ.ಲೀ. ಹಾದುಹೋಗುತ್ತದೆ, ಗಾಳಿಯಲ್ಲಿ ಅದು ಐದರಲ್ಲಿ ಒಂದು ಪಾಲು ಮಾತ್ರ ಇರುವುದರಿಂದ, ನಿಮ್ಮ ಪೊಟ್ಟಣಕ್ಕೆ ದಿನಕ್ಕೆ 30 ಮಿ.ಲೀ. ಒಳಬರುವ ಲೆಕ್ಕ. ಅದರೊಳಗೆ 50 ಮಿ.ಲೀ. ಆಮ್ಲಜನಕ ಹೀರುವ ಸಾಮರ್ಥ್ಯದ ನಿಜವಾದ ಚೀಟಿ ಹಾಕಿದ್ದರೂ ಅದು ಮರುದಿನ ಬೆಳಗಾಗುವ ಹೊತ್ತಿಗೆ ಕೈಚೆಲ್ಲುತ್ತಿತ್ತು. ಪಾಲಿಥಿನ್ನಿಗೆ 12 ಮೈಕ್ರಾನ್ ಪಾಲಿಯೆಸ್ಟರ್ ಅಂಟಿಸಿದ ಪೌಚ್ ಆದರೆ ದಿನಕ್ಕೆ ಸುಮಾರು ಒಂದೂವರೆ ಮಿ.ಲೀ. ಅದೇ ಪಾಲಿಯೆಸ್ಟರಿಗೆ ಅಲ್ಯುಮಿನಿಯಂ ಲೇಪ ಕೊಟ್ಟ ಬೆಳ್ಳಿ ಬಣ್ಣದ ಪೌಚಿನಲ್ಲಿ ಮೂರು ತಿಂಗಳಿಗೆ ಒಂದೆರಡು ಮಿ.ಲೀ., ಜೊತೆಗೆ ಬೆಳಕಿನ ಕಾಟವೂ ತಪ್ಪುತ್ತದೆ. ಇವೆಲ್ಲ 23 ಡಿಗ್ರಿಯ ಅಂಕಿಗಳು. ನಮ್ಮ ಬೇಸಿಗೆಯಲ್ಲಿ ಇನ್ನೂ ಹೆಚ್ಚಾಗುತ್ತವೆ.

ಬೆಳ್ಳಿ ಪೌಚ್ ಮತ್ತು 50 ಅಥವಾ 100 ಮಿ.ಲೀ. ಚೀಟಿ, ಇವೆರಡನ್ನು ಜೊತೆಯಾಗಿ ಬಳಸಿರಿ. ಚೀಟಿ ಕೆಲಸ ಮಾಡಿದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ: ಒಂದೆರಡು ದಿನದಲ್ಲಿ ಪೊಟ್ಟಣ ಒಳಕ್ಕೆ ಎಳೆದುಕೊಂಡು ಪುಡಿಯನ್ನು ಅಪ್ಪಿಕೊಂಡಂತೆ ಕಾಣಬೇಕು.

ಗಾಣದಕಟ್ಟೆ, ಬಳ್ಳಾರಿ

ಹೋಳಿಗೆ, ಉಪ್ಪಿನಕಾಯಿ, ಪನೀರ್‌ಗಳಿಗೂ ಇದೇ ಚೀಟಿ ಹಾಕಬಹುದೇ ಎಂದು ನಮ್ಮ ಮನೆಯಲ್ಲಿ ಕೇಳುತ್ತಿದ್ದಾರೆ.

ಪದರ, ರಾಯಚೂರು

ತೇವವಿರುವ, ಹುಳಿಯಿಲ್ಲದ ಪದಾರ್ಥಕ್ಕೆ ಖಂಡಿತ ಬೇಡ. ಆಮ್ಲಜನಕವಿಲ್ಲದ ಕಡೆಯೇ ಬೆಳೆದು ಮಾರಕ ವಿಷವನ್ನು ಉಂಟುಮಾಡುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾಕ್ಕೆ ನಾವೇ ಮನೆ ಕಟ್ಟಿಕೊಟ್ಟಂತೆ ಆಗುತ್ತದೆ. ಹಿಂಡಿ, ಹುರಿದ ಶೇಂಗಾ, ಖಡಕ್ ರೊಟ್ಟಿಗಳಂಥ ಒಣ ಪದಾರ್ಥಕ್ಕೆ ಸರಿ.

ದಾಳಿಂಬೆತೋಟ, ಕುಷ್ಟಗಿ

ಸರ್, ನಮ್ಮ ಭಾಗದಲ್ಲಿ ಬಿರಿದ, ಚುಕ್ಕೆ ಬಿದ್ದ ದಾಳಿಂಬೆಯನ್ನು ಸುಮ್ಮನೆ ಗುಂಡಿಗೆ ಸುರಿಯುತ್ತೇವೆ. ದಾಳಿಂಬೆ ಸಿಪ್ಪೆಯಿಂದ ಆಂಟಿಆಕ್ಸಿಡೆಂಟ್ ಫಿಲ್ಮ್ ಮಾಡುತ್ತಾರೆಂದು ಎಲ್ಲಿಯೋ ಓದಿದೆ. ಅದು ನಡೆಯುವ ಕೆಲಸವೇ?

ಪದರ, ರಾಯಚೂರು

ಪ್ರಯೋಗಾಲಯದಲ್ಲಿ ನಡೆಯುವ ಕೆಲಸ. ದಾಳಿಂಬೆ ಸಿಪ್ಪೆಯನ್ನು ನಾಲಿಗೆಗೆ ಇಟ್ಟರೆ ಒಗರಾಗುವುದು ಅದರಲ್ಲಿರುವ ಪ್ಯೂನಿಕಲಾಜಿನ್ ಮೊದಲಾದ ಪಾಲಿಫೀನಾಲುಗಳಿಂದ, ಆಂಟಿಆಕ್ಸಿಡೆಂಟ್ ಗುಣವೂ ಅವುಗಳದ್ದೇ. ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೋಸಾನನ್ನು ದುರ್ಬಲ ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಮುರಿಯದಂತೆ ಬಾಗಲೆಂದು ಗ್ಲಿಸರಾಲ್ ಸೇರಿಸಿ, ಸಿಪ್ಪೆಯ ಸಾರವನ್ನು ಬೆರೆಸಿ ತಟ್ಟೆಗೆ ಹೊಯ್ದು ಒಣಗಿಸುತ್ತಾರೆ. ನಾವು ಹಪ್ಪಳ, ಸಂಡಿಗೆಯ ಅಂಬಲಿಯನ್ನು ಹಾಳೆಯ ಮೇಲೆ ಹರವಿ ಒಣಗಿಸಿ ಎತ್ತುವಂತೆಯೇ ಆ ಫಿಲ್ಮನ್ನು ಎತ್ತುತ್ತಾರೆ. ಹಳದಿ ಮಿಶ್ರಿತ ಕಂದು ಬಣ್ಣ ಇರುತ್ತದೆ. ಹಸಿರು ಚಹಾ, ರೋಸ್‌ಮರಿ, ಅರಿಸಿನ, ಲವಂಗಗಳ ಸಾರದಿಂದಲೂ ಇಂಥವನ್ನು ಮಾಡಿದ್ದಾರೆ.

ತೊಡಕು ಬರುವುದು ಮುಂದಿನ ಹೆಜ್ಜೆಯಲ್ಲಿ. ತಟ್ಟೆಯಲ್ಲಿ ಒಣಗಿಸಿದ್ದನ್ನು ರೋಲ್ ಲೆಕ್ಕದಲ್ಲಿ ತಯಾರಿಸಬೇಕೆಂದರೆ, ಪಾಲಿಥಿನ್ ಕಾಳುಗಳನ್ನು 160ರಿಂದ 200 ಡಿಗ್ರಿಯಲ್ಲಿ ಕರಗಿಸಿ ಊದುವ ಯಂತ್ರದೊಳಗೆ ಈ ಸಾರವನ್ನು ಬೆರೆಸಬೇಕು. ಗಿಡಮೂಲದ ಸಾರಗಳಲ್ಲಿ ಹಲವು ಆ ಬಿಸಿಗೆ ಹಾಳಾಗುತ್ತವೆ, ಸುವಾಸನೆಯ ಎಣ್ಣೆಗಳು ಆವಿಯಾಗಿ ಹೋಗುತ್ತವೆ. ಅದಕ್ಕಾಗಿ ತಯಾರಾದ ಫಿಲ್ಮಿನ ಒಳಮೈಗೆ ಲೇಪ ಕೊಡುವ ದಾರಿಯನ್ನು ಹಿಡಿಯುತ್ತಾರೆ. ಕೈಟೋಸಾನ್, ಪಿಷ್ಟಗಳ ಫಿಲ್ಮ್ ಒಣಗಿದ್ದಾಗ ಆಮ್ಲಜನಕವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಮಳೆಗಾಲದ ತೇವಕ್ಕೆ ಮೆತ್ತಗಾಗಿ ಆ ಗುಣವನ್ನು ಬಿಟ್ಟುಕೊಡುತ್ತದೆ.

ಇನ್ನೊಂದು ಎಚ್ಚರಿಕೆಯ ಮಾತು. ಇಂಥ ಫಿಲ್ಮುಗಳ ಶಕ್ತಿಯನ್ನು ಹೆಚ್ಚಾಗಿ ಡಿಪಿಪಿಎಚ್ ಎಂಬ ನೇರಳೆ ದ್ರಾವಣದಲ್ಲಿ ಅಳೆಯುತ್ತಾರೆ. ಫಿಲ್ಮಿನ ತುಂಡು ಬಿದ್ದಾಗ ನೇರಳೆ ಹೋಗಿ ಹಳದಿಯಾದರೆ ಆಂಟಿಆಕ್ಸಿಡೆಂಟ್ ಇದೆ ಎಂದರ್ಥ. ದ್ರಾವಣದಲ್ಲಿ ಮುಳುಗಿದ ಫಿಲ್ಮ್ ತನ್ನೊಳಗಿನದನ್ನೆಲ್ಲ ಬಿಟ್ಟುಕೊಡುತ್ತದೆ. ಒಣ ಹಿಂಡಿಯ ಪಕ್ಕದಲ್ಲಿ ಅದೇ ಫಿಲ್ಮ್ ಬಾಯಿಯನ್ನೇ ಬಿಡದಿರಬಹುದು. ಆದ್ದರಿಂದ ಶೇಕಡಾ ಇಷ್ಟು ಎಂಬ ಅಂಕಿಯನ್ನು ನೋಡಿ ಮಾರುಹೋಗಬೇಡಿ. ನಿಮ್ಮ ಸಿಪ್ಪೆಗೆ ಬೆಲೆ ಬರುವುದಾದರೆ, ನನ್ನ ಮಟ್ಟಿಗೆ, ಫಿಲ್ಮಿಗಿಂತ ಮೊದಲು ಒಣಗಿಸಿದ ಪುಡಿಯಾಗಿ ಅಥವಾ ಸಾರವಾಗಿ ಬರುತ್ತದೆ.

ಸಜ್ಜೆರೊಟ್ಟಿ, ಗಂಗಾವತಿ

ನಮ್ಮದು ಹಿಟ್ಟಿನ ಗಿರಣಿ. ಸಜ್ಜೆ ಹಿಟ್ಟು ಒಂದೇ ವಾರದಲ್ಲಿ ಕಹಿಯಾಗಿ ವಾಸನೆ ಹೊಡೆಯುತ್ತದೆ, ಪಕ್ಕದ ಅಕ್ಕಿ ಗಿರಣಿಯ ತೌಡೂ ಹಾಗೆಯೇ. ಬೆಳ್ಳಿ ಪೌಚ್ ಮತ್ತು ಚೀಟಿ ಇವಕ್ಕೂ ಪರಿಹಾರವೇ?

ಪದರ, ರಾಯಚೂರು

ಅಲ್ಲ ಅಣ್ಣಾ, ಅಲ್ಲಿ ಮೊದಲ ಕಳ್ಳ ಬೇರೆ. ಸಜ್ಜೆಯಲ್ಲಿಯೂ ತೌಡಿನಲ್ಲಿಯೂ ಲೈಪೇಸ್ ಎಂಬ ಕಿಣ್ವವಿದೆ. ಬೀಸಿದಾಗ ಅಥವಾ ಪಾಲಿಶ್ ಮಾಡಿದಾಗ ಅದು ಎಣ್ಣೆಯೊಂದಿಗೆ ಕೂಡಿ ಕೊಬ್ಬನ್ನು ಒಡೆದು ಆಮ್ಲವನ್ನು ಬಿಡಿಸುತ್ತದೆ. ಇದಕ್ಕೆ ಆಮ್ಲಜನಕದ ಹಂಗಿಲ್ಲ. ಕಿಣ್ವವನ್ನು ಬಿಸಿಯಿಂದ ಅಡಗಿಸಿದ ಮೇಲೆಯೇ ಪ್ಯಾಕಿಂಗಿನ ಮಾತು. ತೌಡನ್ನು ಎಣ್ಣೆ ಗಿರಣಿಗೆ ಬೇಗ ಸಾಗಿಸುವುದು ಅಥವಾ ಬಿಸಿ ಕೊಟ್ಟು ಸ್ಥಿರಗೊಳಿಸುವುದು ಇದಕ್ಕಾಗಿಯೇ. ಸಜ್ಜೆಯನ್ನು ಬೀಸುವ ಮೊದಲು ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ಒಣಗಿಸುವ ಅಥವಾ ಬೆಚ್ಚಗೆ ಹುರಿಯುವ ಕ್ರಮದಿಂದ ಹಿಟ್ಟು ಹೆಚ್ಚು ದಿನ ತಡೆಯುತ್ತದೆ.

ಓದುಗ, ಸಿಂಧನೂರು

ಬಿಎಚ್‌ಟಿಯಂಥ ರಾಸಾಯನಿಕ ಫಿಲ್ಮಿನಿಂದ ಆಹಾರಕ್ಕೆ ಇಳಿಯುವುದೇ ಈ ತಂತ್ರವಾದರೆ, ಅದನ್ನು ಲೇಬಲ್ಲಿನಲ್ಲಿ ಬರೆಯದೆ ತಿನ್ನಿಸಿದಂತೆ ಆಗುವುದಿಲ್ಲವೇ? ಕಾನೂನು ಏನು ಹೇಳುತ್ತದೆ?

ಪದರ, ರಾಯಚೂರು

ಪ್ರಶ್ನೆ ನ್ಯಾಯವಾದದ್ದು. ನಮ್ಮಲ್ಲಿ ಎಫ್‌ಎಸ್‌ಎಸ್‌ಎಐ (ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ) 2018ರಲ್ಲಿ ಹೊರಡಿಸಿದ ಪ್ಯಾಕೇಜಿಂಗ್ ನಿಯಮಗಳ ಪ್ರಕಾರ ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಇಳಿಯುವ ಒಟ್ಟು ಪದಾರ್ಥ ಕಿಲೋಗೆ 60 ಮಿಲಿಗ್ರಾಂ ಅಥವಾ ಚದರ ಡೆಸಿಮೀಟರಿಗೆ 10 ಮಿಲಿಗ್ರಾಂ ಮೀರಬಾರದು. ಐರೋಪ್ಯ ಒಕ್ಕೂಟ ಸಕ್ರಿಯ ಪ್ಯಾಕೇಜಿಂಗಿಗೆಂದೇ 2009ರಲ್ಲಿ 450ನೆಯ ಸಂಖ್ಯೆಯ ನಿಯಮಾವಳಿಯನ್ನು ಮಾಡಿದೆ. ತಿನ್ನಬಹುದೆಂದು ತಪ್ಪು ತಿಳಿಯುವಂಥ ಚೀಟಿಯ ಮೇಲೆ ತಿನ್ನಬಾರದು ಎಂದು ಬರೆಯಬೇಕೆನ್ನುವುದು ಅದರಲ್ಲಿದೆ. ನಮ್ಮ ಚೀಟಿಗಳ ಮೇಲೂ ಕನ್ನಡದಲ್ಲಿ ಆ ಮಾತು ಇರಬೇಕೆಂದು ನನಗೆ ಅನಿಸುತ್ತದೆ. ಹಿಂಡಿಯ ಜೊತೆ ಬಂದ ಚೀಟಿಯನ್ನು ಮಸಾಲೆ ಎಂದು ಭಾವಿಸಿ ಕತ್ತರಿಸುವವರು ಇಲ್ಲದಿಲ್ಲ.

ಏನನ್ನೂ ಆಹಾರಕ್ಕೆ ಬಿಡದ ಫಿಲ್ಮುಗಳ ಸಂಶೋಧನೆಯೂ ನಡೆದಿದೆ. ಉತ್ಕರ್ಷಣೆಗೆ ಕಿಡಿ ಹಚ್ಚುವ ಕಬ್ಬಿಣದ ಅಯಾನುಗಳನ್ನು ಹಿಡಿದಿಡುವ ಅಣುಗಳನ್ನು ಫಿಲ್ಮಿನ ಮೈಗೇ ರಾಸಾಯನಿಕ ಬಂಧದಿಂದ ಬೆಸೆಯುತ್ತಾರೆ. ದ್ರವ ಪದಾರ್ಥಗಳಿಗೆ ಅದು ಹೊಂದುತ್ತದೆ.

ಹಿಂಡಿಮನೆಯ ಅಕ್ಕನವರು ಮಾರಾಟಗಾರರನ್ನು ಕೇಳಬೇಕಾದದ್ದು ಇಷ್ಟೇ: ಒಳಗೆ ಬೆರೆಸಿದ ಪದಾರ್ಥದ ಹೆಸರೇನು, ಆಮ್ಲಜನಕ ಹಾಯುವ ಪ್ರಮಾಣ ಎಷ್ಟು, ಐಎಸ್ 9845 ಎಂಬ ಭಾರತೀಯ ಮಾನಕದ ಪ್ರಕಾರ ಮಾಡಿಸಿದ ವಲಸೆ ಪರೀಕ್ಷೆಯ (ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಎಷ್ಟು ಇಳಿಯುತ್ತದೆ ಎಂಬ ಪರೀಕ್ಷೆಯ) ವರದಿ ಎಲ್ಲಿದೆ, ಒಣ ಪುಡಿಯಲ್ಲಿ ಪರೀಕ್ಷಿಸಿದ್ದಾರೆಯೇ. ಸಂದೇಹವಿದ್ದರೆ ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಪ್ಯಾಕೇಜಿಂಗ್ ವಿಭಾಗವೇ ಇದೆ.

ಹಿಂಡಿಮನೆ, ಕೊಪ್ಪಳ

ಏಳು ವಾರಗಳ ನಂತರ ಬರೆಯುತ್ತಿದ್ದೇನೆ. ಮಾರಾಟದವರಿಗೆ ಆ ನಾಲ್ಕು ಪ್ರಶ್ನೆಗಳನ್ನು ಕೇಳಿದೆ. ವರದಿ ಕಳುಹಿಸುತ್ತೇನೆಂದು ಹೋದವರು ಮತ್ತೆ ಫೋನ್ ಎತ್ತಲಿಲ್ಲ. ನಾವು ಬೆಳ್ಳಿ ಪೌಚ್ ಮತ್ತು ಕಬ್ಬಿಣದ ಚೀಟಿ ತರಿಸಿ, ಅಗಸಿ ಹಿಂಡಿಯ ಹನ್ನೆರಡು ಪೊಟ್ಟಣಗಳನ್ನು ಮಾಡಿ, ಹಳೆಯ ಚೀಲದ ನಾಲ್ಕರ ಜೊತೆ ತಗಡಿನ ಚಾವಣಿಯ ಕೋಣೆಯಲ್ಲಿ ಇಟ್ಟೆವು. ಹಳೆಯ ಚೀಲದವು ಹದಿನೈದು ದಿನಕ್ಕೇ ಹೋದವು. ಬೆಳ್ಳಿ ಪೌಚಿನಲ್ಲಿ ಒಂಬತ್ತು ಇಂದಿಗೂ ಚೆನ್ನಾಗಿವೆ, ನಮ್ಮ ಅತ್ತೆಯವರು ಮೂಸಿ, ರೊಟ್ಟಿಗೆ ಹಚ್ಚಿಕೊಂಡು ತಿಂದು ಒಪ್ಪಿದ್ದಾರೆ. ಮೂರು ಮಾತ್ರ ಕಮಟಾದವು. ಆ ಮೂರೂ ಮೊದಲಿನಿಂದಲೂ ಒಳಕ್ಕೆ ಎಳೆದುಕೊಂಡಿರಲಿಲ್ಲ, ಉಬ್ಬಿಯೇ ಇದ್ದವು. ಒಳಗಿನ ಚೀಟಿ ಕಲ್ಲಿನಂತೆ ಗಟ್ಟಿಯಾಗಿತ್ತು. ಒಂದೇ ಪೆಟ್ಟಿಗೆಯ ಪೌಚುಗಳಲ್ಲಿ ಹೀಗೇಕೆ ಆಯಿತು?

ಪದರ, ರಾಯಚೂರು

ಚೀಟಿ ಗಟ್ಟಿಯಾಗಿದೆ ಎಂದರೆ ಅದು ತನ್ನ ಕೆಲಸವನ್ನು ಪೂರ್ತಿ ಮಾಡಿ ಸೋತಿದೆ, ಗಾಳಿ ಬರುತ್ತಲೇ ಇತ್ತು. ಆ ಪೊಟ್ಟಣಗಳನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಸೀಲಿನ ಬಳಿ ಮೆಲ್ಲಗೆ ಹಿಸುಕಿ ನೋಡಿರಿ.

ಹಿಂಡಿಮನೆ, ಕೊಪ್ಪಳ

ಎರಡನ್ನು ಬಿಚ್ಚಿಬಿಟ್ಟಿದ್ದೆವು, ತಳವನ್ನಷ್ಟೇ ಕತ್ತರಿಸಿದ್ದರಿಂದ ಬಾಯಿಯ ಸೀಲ್ ಹಾಗೆಯೇ ಇತ್ತು. ಉಳಿದ ಒಂದನ್ನು ಮುಳುಗಿಸಿದಾಗ ಸೀಲಿನ ಎಡ ಮೂಲೆಯಿಂದ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಬಂದವು. ಬೆಳಕಿಗೆ ಹಿಡಿದು ನೋಡಿದರೆ ಮೂರರ ಸೀಲಿನ ಗೆರೆಯಲ್ಲಿಯೂ ಹಿಂಡಿಯ ಕಣ ಸಿಕ್ಕಿಕೊಂಡು, ಅದರ ಸುತ್ತ ಎಣ್ಣೆಯ ಪಸೆ ಹರಡಿತ್ತು. ಚಮಚೆಯಿಂದ ತುಂಬುವಾಗ ಪೌಚಿನ ಬಾಯಿಗೆ ಪುಡಿ ಮೆತ್ತುತ್ತದೆ, ಅದರ ಮೇಲೆಯೇ ಸೀಲ್ ಒತ್ತುತ್ತಿದ್ದೆವು. ನಿನ್ನೆಯಿಂದ ಅಗಲ ಬಾಯಿಯ ಲಾಳಿಕೆ ಇಟ್ಟು ತುಂಬಿ, ಒಣ ಬಟ್ಟೆಯಿಂದ ಬಾಯಿ ಒರೆಸಿ, ಸ್ವಲ್ಪ ಅಂತರ ಬಿಟ್ಟು ಎರಡು ಸಾಲು ಸೀಲ್ ಹಾಕುತ್ತಿದ್ದೇವೆ.